ಕೊಂಡಿ ತೋರಿಸಿ ಮಾರುವುದು

ಯಾವುದೇ ಶಾಪಿಂಗ್ ಆ್ಯಪ್‌ನಲ್ಲಿ ‘ಇಳಕಲ್ ಸೀರೆ’ ಎಂದು ಹುಡುಕಿ, ಕಡಿಮೆ ಬೆಲೆಯವು ಮೊದಲು ಬರುವಂತೆ ಮಾಡಿಕೊಳ್ಳಿ. 600-700 ರೂಪಾಯಿಯ ಸೀರೆಗಳು ಸಾಲುಗಟ್ಟಿ ಬರುತ್ತವೆ. ಅದೇ ರೂಪದರ್ಶಿ, ಅದೇ ಫೋಟೊ, ಅಂಗಡಿಯ ಹೆಸರು ಮಾತ್ರ ಬೇರೆ ಬೇರೆ. ಆ ಬೆಲೆಗೆ ಕೈಮಗ್ಗದ ಸೀರೆ ಕೊಡಲು ಯಾರಿಂದಲೂ ಆಗದು. ನಾವು ಕೈಮಗ್ಗದ ಸೀರೆ ಮಾರುವುದು ಈ ಗದ್ದಲದ ನಡುವೆಯೇ.

‘ಬೆಲೆ ಇಳಿಸಿ, ತಾನೇ ಹೋಗುತ್ತೆ’ ಎಂದು ಹೇಳದವರಿಲ್ಲ. ಇಳಿಸುವುದು ಎಲ್ಲಿಂದ? ನೂಲಿನ ದರ ನಮ್ಮ ಕೈಯಲ್ಲಿಲ್ಲ. ಆ್ಯಪ್‌ನವರ ಕಮಿಷನ್, ಕೊರಿಯರ್, ಪ್ಯಾಕಿಂಗ್, ವಾಪಸ್ ಬಂದ ಸೀರೆಯ ಸಾಗಣೆ ಖರ್ಚು ಯಾವುದನ್ನೂ ತಪ್ಪಿಸುವಂತಿಲ್ಲ. ಕತ್ತರಿ ಆಡಿಸಲು ಉಳಿಯುವುದು ನೇಕಾರನ ಮಜೂರಿ, ಮನೆಯಲ್ಲಿ ಕುಳಿತು ಕಂಡಿಕೆ ಸುತ್ತುವ ಹೆಂಗಸಿನ ಮಜೂರಿ. ಅದನ್ನೂ ಕತ್ತರಿಸಿ 300 ರೂಪಾಯಿ ಇಳಿಸಿದೆವು ಅಂದುಕೊಳ್ಳಿ. ಆಗಲೂ ಆ 600 ರೂಪಾಯಿಯ ಪವರ್‌ಲೂಮ್ ಸೀರೆಯ ಬೆಲೆಯ ಹತ್ತಿರಕ್ಕೂ ಹೋಗುವುದಿಲ್ಲ. ಗೆಲ್ಲಲಾಗದ ಪಂದ್ಯಕ್ಕೆ ನೇಕಾರರ ಹೊಟ್ಟೆಯನ್ನು ಪಣಕ್ಕಿಡುವುದು ವ್ಯಾಪಾರವಲ್ಲ.

ನಮಗೆ ದಾರಿ ತೋರಿಸಿದ್ದು ಒಂದು ದೂರು. ಬೆಂಗಳೂರಿನ ಗ್ರಾಹಕರೊಬ್ಬರು ಸೀರೆ ವಾಪಸ್ ಕಳಿಸಿ, ‘ಸೆರಗಿನ ಹತ್ತಿರ ಜೋಡಣೆ ಇದೆ, ತುಂಡು ಸೀರೆ’ ಎಂದು ಕಾರಣ ಬರೆದಿದ್ದರು. ಅವರು ದೋಷ ಅಂದುಕೊಂಡದ್ದೇ ಇಳಕಲ್ ಸೀರೆಯ ಜೀವಾಳ! ಈ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ‘ಟೋಪ ತೆನಿ’ ಎಂಬ ಇಳಕಲ್ ಸೆರಗು ಬರುವುದು ಹೀಗೆ. ಅದಕ್ಕಾಗಿ ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಒಂದೇ ಹಾಸಿನಲ್ಲಿ ಸೀರೆ ಮೇಲೆ ಸೀರೆ ನೇಯುತ್ತ ಹೋಗುವ ಅನುಕೂಲ ಇಲ್ಲಿಲ್ಲ. ಕೊಂಡಿ ದಾಟಿದ ಮೇಲೆ ಹಾಸೂ ಕೆಂಪು, ಹೊಕ್ಕೂ ಕೆಂಪು. ಆದ್ದರಿಂದಲೇ ಸೆರಗಿನ ಕೆಂಪು ಅಷ್ಟು ಗಟ್ಟಿ. ಪವರ್‌ಲೂಮ್ ಸೀರೆಯಲ್ಲಿ ಸಾಮಾನ್ಯವಾಗಿ ಒಡಲಿನ ಹಾಸೇ ಸೆರಗಿನವರೆಗೂ ಓಡುತ್ತದೆ. ಹಸಿರು ಸೀರೆಯಾದರೆ ಸೆರಗಿನ ಕೆಂಪಿನೊಳಗಿಂದ ಹಸಿರು ಇಣುಕುತ್ತದೆ. ಸೀರೆ ಮಗುಚಿ ನೋಡಿದರೆ ಯಾರಿಗೂ ತಿಳಿಯುವ ವ್ಯತ್ಯಾಸವಿದು. ಆದರೆ ರೂಪದರ್ಶಿಗೆ ಉಡಿಸಿ ತೆಗೆದ ಫೋಟೊದಲ್ಲಿ ಇದು ಕಾಣುವುದು ಹೇಗೆ? ವ್ಯತ್ಯಾಸ ಕಾಣದ ಕಡೆ ಜನ ಬೆಲೆಯನ್ನೇ ನೋಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಅಂದಿನಿಂದ ನಮ್ಮ ಮೊದಲ ಫೋಟೊ ಬದಲಾಯಿತು. ಸೀರೆಯ ಹಿಂಬದಿ, ಬಾಗಿಲ ಬೆಳಕಿನಲ್ಲಿ, ಕೊಂಡಿಯ ಸಾಲಿನ ಕೆಳಗೆ ಒಂದು ಬೆರಳು. ಜೊತೆಗೆ ನೇಕಾರರು ಕೊಂಡಿ ಹಾಕುವ ಪುಟ್ಟ ವಿಡಿಯೊ. ಅದಕ್ಕೆ ಸಿನಿಮಾ ಹಾಡು ಸೇರಿಸಲಿಲ್ಲ. ‘ಇದು ಕೈಮಗ್ಗದ್ದೇ ಏನ್ರಿ?’ ಎಂದು ಕೇಳುತ್ತಿದ್ದವರು ಆಮೇಲೆ ‘ಇದರಾಗ ಗೋಮಿ ದಡಿ ಐತೇನ್ರಿ?’ ಎಂದು ಅಂಚಿನ ವಿವರ ಕೇಳತೊಡಗಿದರು. ಮೊದಲ ಪ್ರಶ್ನೆ ಕೇಳಿದವರು ಚೌಕಾಸಿಗೆ ಇಳಿಯುತ್ತಿದ್ದರು. ಎರಡನೆಯದನ್ನು ಕೇಳುವವರು ಬಣ್ಣ ಆರಿಸುತ್ತಾರೆ.

ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ, ಇಳಕಲ್ ಸೀರೆಗೆ ಜಿಐ ಮಾನ್ಯತೆ ಸಿಕ್ಕಿಯೂ ಬಹಳ ವರ್ಷಗಳಾದವು. ಇವೆರಡೂ ಬೇಕು. ಆದರೆ ಫೋನಿನ ಪರದೆಯಲ್ಲಿ ಚೀಟಿ ಓದಿ ಕೊಳ್ಳುವವರು ಕಡಿಮೆ, ಕಣ್ಣಿಗೆ ಕಂಡದ್ದನ್ನು ನಂಬುವವರು ಹೆಚ್ಚು.

ಜಾಹೀರಾತಿಗೆ ಹಣ ಹಾಕುವುದರಲ್ಲೂ ಇದೇ ಲೆಕ್ಕ. ‘ಇಳಕಲ್ ಸೀರೆ’ ಎಂಬ ಹುಡುಕಾಟಕ್ಕೆ ದುಡ್ಡು ಕಟ್ಟಿದರೆ ನಮ್ಮ ಸೀರೆಯನ್ನು ಒಯ್ದು ಅದೇ 600 ರೂಪಾಯಿಯದರ ಪಕ್ಕದಲ್ಲಿ ಕೂರಿಸುತ್ತಾರೆ. ದುಡ್ಡು ಕೊಟ್ಟು ಅವಮಾನ ಕೊಂಡಂತೆ. ‘ಟೋಪ ತೆನಿ’, ‘ಚಿಕ್ಕಿ ಪರಾಸ’, ‘ಗಿರಿ ಕುಂಕುಮ’ ಎಂದು ಸೆರಗು, ದಡಿ, ಬಣ್ಣದ ಹೆಸರು ಹಿಡಿದೇ ಹುಡುಕುವವರು ಕೆಲವೇ ಜನ, ಆದರೆ ತಮಗೇನು ಬೇಕೆಂಬುದು ಅವರಿಗೆ ಗೊತ್ತಿರುತ್ತದೆ. ಮಹಾರಾಷ್ಟ್ರದಲ್ಲೂ ಈ ಸೀರೆ ಉಡುವವರಿದ್ದಾರೆ, ಅಲ್ಲಿನವರು ‘ಇರಕಲ್’ ಎಂದು ಹುಡುಕುತ್ತಾರೆ; ಆ ಹೆಸರನ್ನೂ ಸೇರಿಸಿದೆವು. ಗೌರಿ-ಗಣಪತಿ ಹಬ್ಬದ ಮುಂಚೆ ಪುಣೆ, ಸೊಲ್ಲಾಪುರದ ಆರ್ಡರ್ ಬರುವುದು ಆ ಬಾಗಿಲಿನಿಂದ. ಲಕ್ಷ ಜನ ಹಿಂಬಾಲಕರಿದ್ದಾರೆಂದು ಪುಕ್ಕಟೆ ಸೀರೆ ಕೇಳುವವರನ್ನು ಮಾತ್ರ ದೂರದಿಂದಲೇ ನಮಸ್ಕರಿಸಿ ಬಿಟ್ಟಿದ್ದೇವೆ.

ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ನಮ್ಮ ಕಡೆಯ ಹಳೆಯ ಜೋಡಿ. ಅದನ್ನೇ ಆನ್‌ಲೈನಿಗೂ ತಂದೆವು. ಒಂಟಿ ಸೀರೆಯನ್ನು ಹತ್ತು ಅಂಗಡಿಯಲ್ಲಿ ಹೋಲಿಸಬಹುದು. ಬಣ್ಣ ಹೊಂದಿಸಿ ಕೊಟ್ಟ ಸೀರೆ-ಖಣವನ್ನು ಯಾವುದರ ಜೊತೆ ಹೋಲಿಸುತ್ತಾರೆ? ತಾಯಿಗೆ, ಅತ್ತೆಗೆ ಕೊಡಲು ಹುಡುಕುವವರು ಇದನ್ನೇ ಹೆಚ್ಚು ಒಯ್ಯುತ್ತಾರೆ.

ಕೃತಕ ರೇಷ್ಮೆಯ ಸೆರಗಿದ್ದರೆ ಹಾಗೆಂದೇ ಬರೆಯುತ್ತೇವೆ. ಅದನ್ನು ‘ಪ್ಯೂರ್ ಸಿಲ್ಕ್’ ಎಂದು ಬರೆದು ಮಾರುವವರಿಗೆ ಆ ದಿನದ ಮಾರಾಟ ಸಿಗಬಹುದು, ಸೀರೆ ವಾಪಸ್ ಬರುವ ಖರ್ಚೂ ಬೆನ್ನಿಗೇ ಬರುತ್ತದೆ. ಮೊದಲ ಸಲ ಬೇರೆಯಾಗಿ ಒಗೆಯಿರಿ, ಕೆಂಪು ಸ್ವಲ್ಪ ಬಿಡಬಹುದು ಎಂಬುದನ್ನೂ ಮುಚ್ಚಿಡುವುದಿಲ್ಲ. ಗ್ರಾಹಕರ ವಿಮರ್ಶೆಗಳಲ್ಲಿ ಜನ ಹೆಚ್ಚು ಹೊಗಳಿರುವುದು ಈ ಸಾಲುಗಳನ್ನು ಎಂಬುದು ನನಗೂ ಸೋಜಿಗ.

ಎಲ್ಲ ಉಪಾಯವೂ ಸಲೀಸಾಗಿ ನಡೆಯಲಿಲ್ಲ. ಸೀರೆಯ ಜೊತೆ ನೇಯ್ದವರ ಹೆಸರಿನ ಚೀಟಿ ಇಡೋಣ ಎಂದಾಗ ಒಬ್ಬ ಹಿರಿಯ ನೇಕಾರರು ಲಾಳಿ ನಿಲ್ಲಿಸಿ, ‘ಹೆಸರು ಯಾಕ ಬೇಕ್ರಿ? ನಮ್ಮ ಸಾವುಕಾರ್ರು ನೋಡಿದ್ರ ಏನಂತಾರ?’ ಎಂದರು. ನೂಲು ಕೊಡುವ ಮಾಲೀಕರ ಕೈಕೆಳಗೆ ನೇಯುವವರಿಗೆ ನಮ್ಮ ಚೀಟಿಯಿಂದ ಕೆಲಸವೇ ತಪ್ಪಬಹುದು. ಮಾರ್ಕೆಟಿಂಗ್ ಹೇಳಿಕೊಡುವವರು ‘ನೇಕಾರರ ಕಥೆ ಹೇಳಿ’ ಎನ್ನುತ್ತಾರೆ; ಆ ಕಥೆಯಿಂದ ನೇಕಾರರ ಮೇಲೆ ಏನು ಬೀಳುತ್ತದೆ ಎಂದು ಕೇಳುವುದಿಲ್ಲ. ಒಪ್ಪಿದವರ ಹೆಸರಷ್ಟೇ ಈಗ ಚೀಟಿಯಲ್ಲಿದೆ.

ಮಹಾ ಸೇಲ್‌ಗಳಿಗೆ ನಾವು ಸೇರುವುದಿಲ್ಲ. ಬೆಲೆ ಏರಿಸಿ, ಅದನ್ನು ಹೊಡೆದುಹಾಕಿ, ಕೆಳಗೆ ‘ಶೇ 60 ರಿಯಾಯಿತಿ’ ಎಂದು ಬರೆಯುವ ಆಟ ನಮಗೆ ಒಗ್ಗಲಿಲ್ಲ. ಆ ದಿನಗಳಲ್ಲಿ ಆರ್ಡರ್ ಕಡಿಮೆಯಾಗುತ್ತದೆ, ನಿಜ. ಆಗ ಹಳೆಯ ಗ್ರಾಹಕರಿಗೆ ವಾಟ್ಸ್ಆ್ಯಪ್‌ನಲ್ಲಿ ಮಗ್ಗದಿಂದ ಇಳಿದ ಹೊಸ ಸೀರೆಗಳ ಫೋಟೊ ಕಳಿಸುತ್ತೇವೆ. 600 ರೂಪಾಯಿಯ ಸೀರೆಯೇ ಬೇಕೆನ್ನುವವರಿಗೆ ‘ಅದು ಪವರ್‌ಲೂಮಿನದು, ದಿನಬಳಕೆಗೆ ಚೆನ್ನಾಗಿರುತ್ತದೆ, ತೆಗೆದುಕೊಳ್ಳಿ’ ಎಂದೇ ಹೇಳುತ್ತೇನೆ. ಎಲ್ಲರೂ ನಮ್ಮ ಗ್ರಾಹಕರಾಗಬೇಕಿಲ್ಲ.

ನೀವು ಆನ್‌ಲೈನ್‌ನಲ್ಲಿ ಇಳಕಲ್ ಸೀರೆ ಕೊಳ್ಳುವವರಾದರೆ, ದುಡ್ಡು ಕಟ್ಟುವ ಮೊದಲು ಸೆರಗು ಕೂಡುವ ಜಾಗದ ಹಿಂಬದಿಯ ಫೋಟೊ ಕೇಳಿ. ಕೊಂಡಿ ಇರುವ ಸೀರೆ ಇಟ್ಟವರು ಕೂಡಲೇ ಕಳಿಸುತ್ತಾರೆ. ಮಾತು ಮರೆಸುವವರಿದ್ದರೆ ಬೇರೆ ಅಂಗಡಿ ನೋಡಿ.