ದಾಚಿಗಾಮ್‌ನ ಚಳಿಗಾಲ ಕಲಿಸುವ ಪಾಠ

ಚಳಿಗಾಲ ಎಂದರೆ ನಮಗೆ ಒಂದು ಸ್ವೆಟರ್, ಬೆಳಗಿನ ಮಂಜು, ಅಷ್ಟೇ. ಹಿಮಾಲಯದ ಪ್ರಾಣಿಗಳಿಗೆ ಅದು ವರ್ಷದ ಅತಿ ಕಠಿಣ ಪರೀಕ್ಷೆ. ಕಳೆದ ಜನವರಿಯಲ್ಲಿ ಶ್ರೀನಗರದ ಸಮೀಪವಿರುವ ದಾಚಿಗಾಮ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಅವಕಾಶ ನನಗೆ ಸಿಕ್ಕಿತು. ತರಗತಿಯಲ್ಲಿ ನಾನು ಬೋಧಿಸುವ ‘ಹೊಂದಾಣಿಕೆ’ ಎಂಬ ಪದದ ಅರ್ಥ ಅಲ್ಲಿ ಕಣ್ಣೆದುರೇ ಇತ್ತು.

ದಾಚಿಗಾಮ್ ಎಂದರೆ ‘ಹತ್ತು ಹಳ್ಳಿ’. ಶ್ರೀನಗರಕ್ಕೆ ಶುದ್ಧ ಕುಡಿಯುವ ನೀರು ಸಿಗಲೆಂದು 1910ರಲ್ಲಿ ಈ ಕಾಡನ್ನು ಸಂರಕ್ಷಿಸಲಾಯಿತು. 1981ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ 141 ಚದರ ಕಿ.ಮೀ. ಕೆಳಗಿನ ಕಣಿವೆಯಿಂದ 4,000 ಮೀಟರ್ ಮೀರಿದ ಶಿಖರಗಳವರೆಗೆ ಇದು ಹಬ್ಬಿದೆ.

ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗಿನ 40 ದಿನಗಳ ಕಡುಚಳಿಯನ್ನು ಕಾಶ್ಮೀರಿಗಳು ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಬಾಣಂತಿಯ ನಲವತ್ತು ದಿನಕ್ಕೆ ಹೇಳುವ ‘ಚಿಲ್ಲಾ’ ಕೂಡ ನಲವತ್ತು ಎಂಬ ಅರ್ಥದ ಅದೇ ಪಾರ್ಸಿ ಪದದಿಂದ ಬಂದದ್ದು. ಈ ದಿನಗಳಲ್ಲಿ ಜನರು ಉದ್ದನೆಯ ಫಿರನ್ ತೊಟ್ಟು, ಅದರೊಳಗೆ ಕೆಂಡ ತುಂಬಿದ ಕಾಂಗ್ರಿ ಹಿಡಿದು ಓಡಾಡುತ್ತಾರೆ. ಪ್ರಾಣಿಗಳಿಗೆ ಕಾಂಗ್ರಿ ಇಲ್ಲ. ಅವು ಏನು ಮಾಡುತ್ತವೆ? ಮುಖ್ಯವಾಗಿ ಮೂರು ದಾರಿಗಳಿವೆ.

1. ಕೆಳಗಿಳಿಯುವುದು: ಕಾಶ್ಮೀರದ ಕೆಂಪು ಜಿಂಕೆಯಾದ ಹಂಗುಲ್, ಮೇಲಿನ ಹುಲ್ಲುಗಾವಲುಗಳು ಹಿಮದಲ್ಲಿ ಮುಚ್ಚಿದಾಗ ಕೆಳಗಿನ ಕಣಿವೆಗೆ ಬರುತ್ತದೆ. ಒಣಹುಲ್ಲು, ಎಳೆ ಕೊಂಬೆ, ತೊಗಟೆ ತಿಂದು ದಿನ ಕಳೆಯುತ್ತದೆ. ಅದರ ದಟ್ಟ ಕೂದಲಿನ ನಡುವೆ ಸಿಲುಕಿದ ಗಾಳಿ ಶಾಖ ಹೊರಹೋಗದಂತೆ ತಡೆಯುತ್ತದೆ.

2. ನಿದ್ರಿಸುವುದು: ಕಪ್ಪು ಕರಡಿ ಶರತ್ಕಾಲದಲ್ಲಿ ಅಕ್ರೋಟು ಮುಂತಾದವನ್ನು ತಿಂದು ಕೊಬ್ಬು ಕೂಡಿಟ್ಟು, ಮರದ ಪೊಟರೆ ಅಥವಾ ಗುಹೆ ಸೇರುತ್ತದೆ. ಅದರ ದೇಹದ ಉಷ್ಣತೆ ಕೆಲವೇ ಡಿಗ್ರಿ ಇಳಿಯುತ್ತದೆ. ಎತ್ತರದಲ್ಲಿ ಬಿಲ ತೋಡಿ ಬದುಕುವ ಮಾರ್ಮಟ್‌ನದು ಇನ್ನೂ ಗಾಢವಾದ ಶಿಶಿರನಿದ್ರೆ. ಅದರ ದೇಹದ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ.

3. ಇದ್ದಲ್ಲೇ ಇರುವುದು: ನೀರಿನ ಸಾಂದ್ರತೆ ಗರಿಷ್ಠವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಮಂಜುಗಡ್ಡೆ ತೇಲುತ್ತದೆ, ಆಳದ ನೀರು ದ್ರವವಾಗಿಯೇ ಉಳಿಯುತ್ತದೆ. ಶ್ರೀನಗರದ ದಾಲ್ ಸರೋವರದ ಮೇಲ್ಮೈ ಹೆಪ್ಪುಗಟ್ಟಿದರೂ ಅಡಿಯಲ್ಲಿ ಮೀನುಗಳು ಬದುಕಿರುವುದು ಇದರಿಂದಲೇ.

ಮೂರು ದಾರಿಗಳ ಹಿಂದಿರುವ ಲೆಕ್ಕ ಒಂದೇ: ಆದಾಯ ಕಡಿಮೆಯಾದಾಗ ಖರ್ಚು ಕಡಿಮೆ ಮಾಡು. ಇಲ್ಲಿ ಆದಾಯ ಎಂದರೆ ಆಹಾರ, ಖರ್ಚು ಎಂದರೆ ಶಕ್ತಿ, ಉಳಿತಾಯ ಎಂದರೆ ಮೈಯ ಕೊಬ್ಬು.

ಎರಡನೆಯ ದಿನ ಇಳಿಜಾರಿನಲ್ಲಿ ಆರು ಹಂಗುಲ್‌ಗಳು ಕಂಡವು. ನಮ್ಮ ಜೊತೆಗಿದ್ದವರೊಬ್ಬರು ಒಳ್ಳೆಯ ಫೋಟೊಗಾಗಿ ಹತ್ತಿರ ಹೋಗಲು ಹೊರಟರು. ಮಾರ್ಗದರ್ಶಕರು ಅವರ ತೋಳು ಹಿಡಿದು ನಿಲ್ಲಿಸಿ, “ಈಗ ಅದನ್ನು ಓಡಿಸಿದರೆ ಅದರ ಊಟ ಕಸಿದ ಹಾಗೆ” ಎಂದರು. ಎಷ್ಟು ನಿಜ! ಮೊಣಕಾಲುದ್ದದ ಹಿಮದಲ್ಲಿ ಓಡಲು ಖರ್ಚಾಗುವ ಕೊಬ್ಬನ್ನು ವಸಂತ ಬರುವವರೆಗೆ ಮತ್ತೆ ಗಳಿಸಲಾಗದು. ನಮಗೆ ಒಂದು ಚಿತ್ರ, ಅದಕ್ಕೆ ಪ್ರಾಣದ ಪ್ರಶ್ನೆ.

2021ರ ಗಣತಿಯಲ್ಲಿ ಎಣಿಕೆಗೆ ಸಿಕ್ಕ ಹಂಗುಲ್‌ಗಳು 261 ಮಾತ್ರ. ನಮ್ಮ ಕಾಲೇಜಿನ ಕೆಲವೇ ತರಗತಿಗಳನ್ನು ಸೇರಿಸಿದರೆ ಅಷ್ಟು ಮಂದಿ ಆಗುತ್ತಾರೆ! ಇಂಥ ಪ್ರಾಣಿಯ ವಿಷಯದಲ್ಲಿ ದೂರ ನಿಂತು, ಸದ್ದಿಲ್ಲದೆ ನೋಡುವುದೂ ಸಂರಕ್ಷಣೆಯೇ. ಯಾವ ಕಾಡಿಗೆ ಪ್ರವಾಸ ಹೋದರೂ ಇದನ್ನು ಮರೆಯಬೇಡಿ.

ಯೋಚಿಸಿ, ಉತ್ತರಿಸಿ:
* ಕರಡಿಯ ಮತ್ತು ಮಾರ್ಮಟ್‌ನ ಚಳಿಗಾಲದ ನಿದ್ರೆಗಳಿಗೆ ಇರುವ ವ್ಯತ್ಯಾಸವೇನು?
* ಮಂಜುಗಡ್ಡೆ ನೀರಿನಲ್ಲಿ ಮುಳುಗುವಂತಿದ್ದರೆ ಸರೋವರದ ಮೀನುಗಳ ಗತಿ ಏನಾಗುತ್ತಿತ್ತು?