ಕರೆಂಟ್ ಹೋದಾಗ ಮನೆಯವರ ಆರೋಗ್ಯ ಕೆಡದಿರಲಿ

ಮುಂಗಾರು ಹತ್ತಿರ ಬಂತೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಸಂಜೆಯ ಗಾಳಿ-ಮಳೆಗೆ ಮರಗಳು ತಂತಿಯ ಮೇಲೆ ಬೀಳುತ್ತವೆ, ಕರೆಂಟ್ ಹೋಗುತ್ತದೆ. ಹೆಚ್ಚಿನ ಸಲ ಒಂದೆರಡು ತಾಸಿನಲ್ಲಿ ಮರಳಿ ಬರುತ್ತದೆ. ಆದರೆ 2019ರ ಆಗಸ್ಟ್ ನೆರೆಯಲ್ಲಿ ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಕಂಬಗಳು, ಟ್ರಾನ್ಸ್‌ಫಾರ್ಮರ್‌ಗಳು ನೀರುಪಾಲಾಗಿದ್ದನ್ನು ನಾವು ಮರೆತಿಲ್ಲ. ಎರಡು ಮೂರು ದಿನ ಕರೆಂಟ್ ಇಲ್ಲದಿದ್ದರೆ ಕತ್ತಲೆಗಿಂತ ದೊಡ್ಡ ಕಷ್ಟ ನೀರು, ಆಹಾರ ಮತ್ತು ಔಷಧದ್ದು. ಮುಂಜಾಗ್ರತೆ ವಹಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಮೊದಲು ಒಂಟೆಯನ್ನು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂಬುದೇ ಪ್ರವಾದಿವರ್ಯರು(ಸ) ಕಲಿಸಿದ ಕ್ರಮ.

ನೀರು

ಅವಳಿ ನಗರಕ್ಕೆ ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ ನೀರನ್ನು ಪಂಪ್ ಮಾಡಿ ತರಬೇಕು. ಅಲ್ಲಿ ಕರೆಂಟ್ ಹೋದರೆ ಇಲ್ಲಿ ನಳದ ಸರದಿ ಮುಂದೆ ಹೋಗುತ್ತದೆ. ಮನೆಯ ಬೋರ್‌ವೆಲ್ ಮೋಟಾರೂ ನಡೆಯುವುದಿಲ್ಲ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಎಂದು ಹಿಡಿಯಿರಿ. ಐದು ಜನರ ಮನೆಗೆ ಮೂರು ದಿನಕ್ಕೆ 60 ಲೀಟರ್, ಅಂದರೆ ನಾಲ್ಕೈದು ದೊಡ್ಡ ಕೊಡ. ಈ ನೀರನ್ನು ಬಳಕೆಯ ನೀರಿನಿಂದ ಬೇರೆಯಾಗಿಯೇ ಇಡಿ.

ವುಝೂಗೆ ನೀರು ಸಾಲದು ಎಂಬ ಆತಂಕ ಬೇಡ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸ್‌ನಲ್ಲಿದೆ. ಅದು ಇಂದಿನ ಒಂದು ಲೀಟರ್‌ಗೂ ಕಡಿಮೆ. ನಳ ಬಿಟ್ಟುಕೊಂಡು ವುಝೂ ಮಾಡುವ ಬದಲು ತಂಬಿಗೆ ಬಳಸಿದರೆ ಒಬ್ಬರ ಐದು ಹೊತ್ತಿಗೆ 5 ಲೀಟರ್ ಸಾಕು. ಕುಡಿಯುವಷ್ಟು ಮಾತ್ರ ನೀರು ಉಳಿದಾಗ ತಯಮ್ಮುಮ್‌ನ ರಿಯಾಯಿತಿ ಇದ್ದೇ ಇದೆ.

ತುಂಬಿಟ್ಟ ಪ್ರತಿಯೊಂದು ಪಾತ್ರೆಗೂ ಮುಚ್ಚಳ ಇರಲಿ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂಬುದು ಪ್ರವಾದಿವರ್ಯರ(ಸ) ಆದೇಶ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದೇ ಇಂಥ ತೆರೆದ, ತಿಳಿ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದ ಡ್ರಮ್, ಹರವಿಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ತಿಕ್ಕಿ ತೊಳೆಯಿರಿ. 2024ರಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಲಿ. ಫ್ಯಾನ್ ಇಲ್ಲದ ದಿನ ಸೊಳ್ಳೆಪರದೆ ಬೇಕೇ ಬೇಕು. ಈ ಸೊಳ್ಳೆ ಹಗಲಲ್ಲಿ ಕಚ್ಚುವುದರಿಂದ ಹಗಲು ಮಲಗುವ ಕೂಸುಗಳಿಗೂ ಪರದೆ ಕಟ್ಟಿ.

ಫಿಲ್ಟರ್ ಯಂತ್ರ ನಿಂತಾಗ ನೀರನ್ನು ಕುದಿಸಿಯೇ ಕುಡಿಯಿರಿ. ಗುಳ್ಳೆ ಎದ್ದು ಚೆನ್ನಾಗಿ ಕುದಿಯಲಾರಂಭಿಸಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಯಬೇಕು.

ಫ್ರಿಜ್ ಮತ್ತು ಕುರ್ಬಾನಿ ಮಾಂಸ

ಬಾಗಿಲು ತೆರೆಯದಿದ್ದರೆ ಫ್ರಿಜ್‌ನೊಳಗಿನ ತಂಪು ಸುಮಾರು 4 ತಾಸು ಉಳಿಯುತ್ತದೆ. ಪೂರ್ತಿ ತುಂಬಿದ ದೊಡ್ಡ ಫ್ರೀಝರ್ ಸುಮಾರು 48 ತಾಸು, ಅರ್ಧ ತುಂಬಿದ್ದು 24 ತಾಸು ತಾಳುತ್ತದೆ. ಒಂದೇ ಬಾಗಿಲಿನ ಫ್ರಿಜ್‌ನ ಸಣ್ಣ ಐಸ್ ಖಾನೆಯನ್ನು ಅಷ್ಟು ಹೊತ್ತು ನಂಬಬಾರದು.

ಇತ್ತೀಚಿನ ವರ್ಷಗಳಲ್ಲಿ ಬಕ್ರೀದ್ ಮೇ-ಜೂನ್‌ನಲ್ಲಿ, ಗಾಳಿ-ಮಳೆಯ ದಿನಗಳಲ್ಲಿಯೇ ಬರುತ್ತಿದೆ. ಫ್ರಿಜ್ ತುಂಬ ಕುರ್ಬಾನಿ ಮಾಂಸ ಇರುವಾಗ ಕರೆಂಟ್ ಹೋದರೆ ಏನು ಮಾಡುವುದು? ಮಾಂಸ ಇನ್ನೂ ತಣ್ಣಗಿರುವಾಗಲೇ ನಿರ್ಧರಿಸಿ. ಅಂದು ತಿನ್ನುವಷ್ಟನ್ನು ಬೇಯಿಸಿ, ಉಳಿದದ್ದನ್ನು ತಕ್ಷಣ ಹಂಚಿಬಿಡಿ. ಹೊರಗಿನಿಂದ ಬಡವರು ಬಂದಿದ್ದ ಒಂದು ವರ್ಷ ಪ್ರವಾದಿವರ್ಯರು(ಸ) ಕುರ್ಬಾನಿ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದನ್ನು ತಡೆದಿದ್ದರು. ಮರುವರ್ಷ ಕೂಡಿಡಲು ಅನುಮತಿ ಕೊಟ್ಟರು. ಕೂಡಿಡುವುದು ಅನುಮತಿ ಮಾತ್ರ, ಹಂಚುವುದರಲ್ಲಿ ಹೆಚ್ಚಿನ ಒಳಿತಿದೆ.

ತಂಪು ಇಳಿದು 4 ತಾಸಿಗಿಂತ ಹೆಚ್ಚಾದ ಮಾಂಸ, ಬಿರಿಯಾನಿ, ಹಾಲು, ಬೇಯಿಸಿದ ಬೇಳೆಯನ್ನು ತಿನ್ನಬೇಡಿ. ಇನ್ನೊಮ್ಮೆ ಕುದಿಸಿದರೆ ಸರಿಹೋಗುತ್ತದೆ ಎಂಬುದು ತಪ್ಪು. ಕ್ರಿಮಿ ಸತ್ತರೂ ಅದು ಬಿಟ್ಟ ಕೆಲವು ವಿಷಗಳು ಕುದಿಗೆ ಅಳಿಯುವುದಿಲ್ಲ. ವಾಸನೆ ಬಂದಿಲ್ಲ ಎಂದ ಮಾತ್ರಕ್ಕೆ ಆಹಾರ ಚೆನ್ನಾಗಿದೆ ಎಂದೂ ಅಲ್ಲ. ಅನ್ನ ಬಿಸಾಡುವುದು ಇಸ್ರಾಫ್ ಎಂದು ನೋವಾಗುವುದು ಸಹಜ. ಅದಕ್ಕೆ ಪರಿಹಾರ ಸಮಯಕ್ಕೆ ಹಂಚುವುದು. ಕೆಟ್ಟದ್ದನ್ನು ಮಕ್ಕಳಿಗೆ ಉಣಿಸುವುದಲ್ಲ.

ವಾಂತಿ-ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಪ್ಯಾಕೆಟ್ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು (ಚಹಾ ಚಮಚದ ಅಳತೆ). ಮಗು ಕುಡಿಯದೆ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಇನ್ಸುಲಿನ್ ಮತ್ತು ಇತರ ಔಷಧ

ಬಳಸುತ್ತಿರುವ ಇನ್ಸುಲಿನ್ ಬಾಟಲಿ ಅಥವಾ ಪೆನ್ ಅತಿ ಸೆಕೆ ಇಲ್ಲದ ಕಡೆ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ. ಅವಧಿಯನ್ನು ಡಬ್ಬಿಯೊಳಗಿನ ಚೀಟಿಯಲ್ಲಿ ನೋಡಿಕೊಳ್ಳಿ. ಫ್ರಿಜ್ ನಿಂತಾಗ ಹೀಗೆ ಮಾಡಿ: ದೊಡ್ಡ ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ನಡುವೆ ಸಣ್ಣ ಗಡಿಗೆ ಇಟ್ಟು, ಅದರೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಇನ್ಸುಲಿನ್ ಇಡಿ. ಮೇಲೆ ಒದ್ದೆ ಬಟ್ಟೆ ಹೊದಿಸಿ, ಗಾಳಿಯಾಡುವ ನೆರಳಿನಲ್ಲಿಡಿ. ನೀರು ಆರುವಾಗ ಒಳಗೆ ತಂಪಾಗುತ್ತದೆ. ಜಡಿ ಮಳೆಯ ದಿನ ಈ ತಂಪು ಕಡಿಮೆ. ಆದರೆ ಅಂದು ಸೆಕೆಯೂ ಕಡಿಮೆ. ಇನ್ಸುಲಿನ್ ಐಸ್‌ಗೆ ತಾಗಬಾರದು, ಹೆಪ್ಪುಗಟ್ಟಿದ್ದನ್ನು ಬಳಸಲೇಬಾರದು.

ದಮ್ಮಿನ ರೋಗಿಗಳು ನೆಬ್ಯುಲೈಸರ್ ಒಂದನ್ನೇ ನಂಬದೆ, ಸ್ಪೇಸರ್ ಜೊತೆ ಇನ್‌ಹೇಲರ್ ಬಳಸುವುದನ್ನು ವೈದ್ಯರಿಂದ ಕಲಿತಿರಲಿ. ಆಕ್ಸಿಜನ್ ಯಂತ್ರ ಇರುವ ಮನೆಯವರು ತುಂಬಿದ ಸಿಲಿಂಡರ್ ಒಂದನ್ನು ಮೊದಲೇ ಗೊತ್ತು ಮಾಡಿಕೊಳ್ಳಲಿ. ಬಿಪಿ, ಹೃದಯದ ಮಾತ್ರೆಗಳು ಒಂದು ವಾರಕ್ಕಾಗುವಷ್ಟು ಮನೆಯಲ್ಲಿರಲಿ.

ಬೆಂಕಿ ಮತ್ತು ಹೊಗೆ

ಮಲಗುವ ಮುನ್ನ ದೀಪ ಆರಿಸಿರಿ ಎಂಬುದೂ ಪ್ರವಾದಿವರ್ಯರ(ಸ) ಬೋಧನೆ. ಮದೀನಾದಲ್ಲಿ ಒಂದು ಮನೆ ರಾತ್ರಿ ಸುಟ್ಟ ಸುದ್ದಿ ಕೇಳಿ, ಬೆಂಕಿ ನಿಮ್ಮ ಶತ್ರು ಎಂದು ಅವರು ಎಚ್ಚರಿಸಿದ್ದರು. ಮೇಣದಬತ್ತಿಗಿಂತ ಬ್ಯಾಟರಿ ಲೈಟ್ ಒಳ್ಳೆಯದು. ಹಚ್ಚಲೇಬೇಕಾದರೆ ಪರದೆ, ಹಾಸಿಗೆ, ದುಪಟ್ಟಾಗಳಿಂದ ದೂರ, ನೀರು ಹಾಕಿದ ತಟ್ಟೆಯಲ್ಲಿ ನಿಲ್ಲಿಸಿ.

ಜನರೇಟರ್ ಅನ್ನು ಮನೆಯೊಳಗೆ, ಮೆಟ್ಟಿಲ ಕೆಳಗೆ ಅಥವಾ ಮುಚ್ಚಿದ ಅಂಗಡಿಯಲ್ಲಿ ನಡೆಸಬೇಡಿ. ಕಿಟಕಿಯಿಂದ ಕನಿಷ್ಠ 20 ಅಡಿ ದೂರವಿರಲಿ. ಇದ್ದಿಲಿನ ಶೇಗಡಿಯನ್ನು ಕೋಣೆಯೊಳಗೆ ಇಟ್ಟು ಮಲಗಬೇಡಿ. ಇವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಮನೆಯಲ್ಲಿ ಒಟ್ಟಿಗೇ ಹಲವರಿಗೆ ತಲೆನೋವು, ತಲೆಸುತ್ತು ಬಂದರೆ ಎಲ್ಲರೂ ಹೊರಗೆ ಬನ್ನಿ. ತುರ್ತು ವಾಹನಕ್ಕೆ 108.

ಹರಿದ ತಂತಿ ಕಂಡರೆ ಹತ್ತಿರ ಹೋಗದೆ ಹೆಸ್ಕಾಂನ 1912ಕ್ಕೆ ತಿಳಿಸಿ. ಫ್ರಿಜ್, ಟಿವಿಗಳ ಪ್ಲಗ್ ತೆಗೆದಿಡಿ.

ಮೊಹಲ್ಲಾದ ಜವಾಬ್ದಾರಿ

ಇನ್ವರ್ಟರ್ ಇರುವ ಮಸೀದಿಯಲ್ಲಿ ನೆರೆಹೊರೆಯ ಎಲ್ಲ ಧರ್ಮದವರಿಗೂ ಮೊಬೈಲ್ ಚಾರ್ಜ್ ಮಾಡಲು, ಒಬ್ಬ ರೋಗಿಯ ನೆಬ್ಯುಲೈಸರ್ ನಡೆಸಲು ಅವಕಾಶ ಮಾಡಬಹುದು. ಜಮಾಅತ್‌ನ ಯುವಕರು ಒಂಟಿ ವೃದ್ಧರು, ಬಾಣಂತಿಯರು, ಇನ್ಸುಲಿನ್ ತೆಗೆದುಕೊಳ್ಳುವವರು ಯಾವ ಮನೆಯಲ್ಲಿದ್ದಾರೆಂದು ಮಳೆಗಾಲಕ್ಕೆ ಮೊದಲೇ ಬರೆದಿಟ್ಟುಕೊಳ್ಳಲಿ. ಕರೆಂಟ್ ಹೋದ ರಾತ್ರಿ ಆ ಮನೆಗಳ ಬಾಗಿಲು ತಟ್ಟಿ ವಿಚಾರಿಸುವುದು ನೆರೆಯವರ ಹಕ್ಕಿನ ಪಾಲನೆ. ಬರುವ ಜುಮಾದೊಳಗೆ ನಿಮ್ಮ ಮನೆಯ ನೀರು, ಔಷಧ, ಬ್ಯಾಟರಿ ಈ ಮೂರನ್ನು ಒಮ್ಮೆ ನೋಡಿಕೊಳ್ಳಿ. ಅಲ್ಲಾಹನು ಎಲ್ಲರ ಮನೆಗಳನ್ನೂ ಕಾಪಾಡಲಿ, ಆಮೀನ್.