ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಯಿಂದ ತೋಟದ ಮನೆಗೆ ಬೆಳಕು

ಬೆಳಗಿನ ಚಳಿಯಲ್ಲಿ ಟ್ರ್ಯಾಕ್ಟರು ಹೊರಡಲು ತಕರಾರು ಮಾಡತೊಡಗಿದರೆ ಬ್ಯಾಟರಿಯ ಆಯುಷ್ಯ ಮುಗಿಯಿತೆಂದು ರೈತರು ತೀರ್ಮಾನಿಸುತ್ತಾರೆ. ಹೊಸದು ಬಂದ ಮೇಲೆ ಹಳೆಯದು ಕೊಟ್ಟಿಗೆಯ ಮೂಲೆ ಸೇರುತ್ತದೆ. ಎಂಜಿನನ್ನು ತಿರುಗಿಸಲಾರದ ಇಂತಹ ಬ್ಯಾಟರಿಯು ತೋಟದ ಮನೆಯಲ್ಲಿ ನಾಲ್ಕು ದೀಪ ಉರಿಸಲು ಸಾಕಾಗಬಹುದು. ಆದರೆ ಎಲ್ಲ ಬ್ಯಾಟರಿಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಕೂಡಲೇ ಮನೆಯಿಂದ ಸಾಗಹಾಕಬೇಕು ಎಂಬುದನ್ನು ರೈತರೇ ಪರೀಕ್ಷಿಸಿ ತಿಳಿಯಬಹುದು.

ಟ್ರ್ಯಾಕ್ಟರು, ಕಾರುಗಳ ಬ್ಯಾಟರಿಯಲ್ಲಿ ಸುಮಾರು 2 ವೋಲ್ಟಿನ ಆರು ಕೋಶಗಳಿರುತ್ತವೆ. ಪ್ರತಿ ಕೋಶದಲ್ಲಿ ಸೀಸದ ಫಲಕಗಳು ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಎಂಜಿನ್ ಹೊರಡಿಸಲು ಕೆಲವೇ ಸೆಕೆಂಡುಗಳ ಕಾಲ ಭಾರಿ ವಿದ್ಯುತ್ ಬೇಕಾದ್ದರಿಂದ ಇದರ ಫಲಕಗಳನ್ನು ತೆಳ್ಳಗೆ ಮಾಡಿರುತ್ತಾರೆ. ಇನ್ವರ್ಟರಿನ ಟ್ಯೂಬುಲಾರ್ ಬ್ಯಾಟರಿಯ ಫಲಕಗಳು ದಪ್ಪ. ಒಂದು ಓಟದ ಎತ್ತು, ಇನ್ನೊಂದು ನೇಗಿಲಿನ ಎತ್ತು. ಓಟದ ಎತ್ತಿಗೆ ದಿನವಿಡೀ ನೇಗಿಲು ಕಟ್ಟಿದರೆ ಏನಾಗುವುದೋ, ಟ್ರ್ಯಾಕ್ಟರು ಬ್ಯಾಟರಿಯನ್ನು ದಿನವೂ ಪೂರ್ತಿ ಖಾಲಿ ಮಾಡಿದರೆ ಅದೇ ಆಗುತ್ತದೆ. ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಚೌಳು ನೆಲದ ಮೇಲಿನ ಬಿಳಿ ಪೊರೆಯಂತೆ ಇದೂ ಒಮ್ಮೆ ಕೂತರೆ ಬಿಡಿಸುವುದು ಕಷ್ಟ.

ಪರೀಕ್ಷೆ

ಮೊದಲು ಟರ್ಮಿನಲ್ಲುಗಳನ್ನು ನೋಡಬೇಕು. ಹಸಿರು ಬಿಳುಪಿನ ಪುಡಿ ಕಟ್ಟಿ ಸಂಪರ್ಕ ಸಡಿಲವಾಗಿದ್ದರೂ ಟ್ರ್ಯಾಕ್ಟರು ಹೊರಡುವುದಿಲ್ಲ. ಒಳ್ಳೆಯ ಬ್ಯಾಟರಿಯೇ ಹೀಗೆ ಗುಜರಿಗೆ ಹೋಗುವುದುಂಟು. ಸ್ವಚ್ಛ ಮಾಡಿ ಬಿಗಿ ಮಾಡಿದ ಮೇಲೂ ಎಂಜಿನ್ ತಿರುಗದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಪೆಟ್ಟಿಗೆ ಬಿರುಕು ಬಿಟ್ಟಿದ್ದರೆ ಅಥವಾ ಉಬ್ಬಿದ್ದರೆ ಪರೀಕ್ಷೆಯ ಅಗತ್ಯವೇ ಇಲ್ಲ, ಹಿಂದಿರುಗಿಸತಕ್ಕದ್ದು.

ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ, ಫಲಕಗಳು ಕಾಣುತ್ತಿದ್ದಲ್ಲಿ ಅವು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಪೂರ್ತಿ ಚಾರ್ಜ್ ಮಾಡಿಸಬೇಕು. ಚಾರ್ಜ್ ಆದ ಮೇಲೆ ನೀರು ಗುರುತಿನ ಮಟ್ಟಕ್ಕಿಂತ ಕಡಿಮೆಯಿದ್ದರೆ ಸೇರಿಸಬೇಕು. ಕೊಳವೆ ಬಾವಿಯ ನೀರನ್ನು ಎಂದಿಗೂ ಹಾಕಕೂಡದು. ನೀರಿನ ಬದಲು ಆಸಿಡ್ ಸುರಿಯುವುದಂತೂ ಇನ್ನೂ ದೊಡ್ಡ ತಪ್ಪು. ಚಾರ್ಜ್ ಆದ ಬ್ಯಾಟರಿಯನ್ನು ಒಂದು ರಾತ್ರಿ ಹಾಗೆಯೇ ಇಟ್ಟು ಮರುದಿನ ಮಲ್ಟಿಮೀಟರಿನಿಂದ ಅಳೆಯಬೇಕು. 12.4 ವೋಲ್ಟ್ ಅಥವಾ ಹೆಚ್ಚು ಇದ್ದರೆ ಆಶೆಯುಂಟು. 10.5ರ ಆಸುಪಾಸು ತೋರಿದರೆ ಒಂದು ಕೋಶ ಸತ್ತಿದೆಯೆಂದು ಅರ್ಥ, ಅದನ್ನು ಉಪಯೋಗಿಸುವಂತಿಲ್ಲ.

ವೋಲ್ಟೇಜು ಸರಿಯಿದ್ದ ಮಾತ್ರಕ್ಕೆ ನಂಬುವಂತಿಲ್ಲ. ತುಂಬಿದಂತೆ ಕಾಣುವ ಕೆರೆಯಲ್ಲಿ ಅರ್ಧ ಹೂಳೇ ಇರಬಹುದು. ಅದಕ್ಕಾಗಿ 12 ವೋಲ್ಟಿನ, 60 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು ಬ್ಯಾಟರಿಗೆ ಜೋಡಿಸಿ ಹೊತ್ತು ಗುರುತು ಹಾಕಿಕೊಳ್ಳಬೇಕು. (ಬಲ್ಬು ಬಹಳ ಕಾಯುತ್ತದೆ. ಹುಲ್ಲಿನ ಬಳಿ ಇಡಬಾರದು.) ಇದು ಸುಮಾರು 5 ಆಂಪಿಯರ್ ಎಳೆಯುತ್ತದೆ. ಬಲ್ಬು ಉರಿಯುತ್ತಿರುವಾಗಲೇ ಅರ್ಧ ಗಂಟೆಗೊಮ್ಮೆ ಅಳೆದು, 11.5 ವೋಲ್ಟಿಗೆ ಇಳಿದೊಡನೆ ನಿಲ್ಲಿಸಬೇಕು. ನಾಲ್ಕು ಗಂಟೆ ಉರಿದರೆ ಬ್ಯಾಟರಿಯಲ್ಲಿ 20 ಆಂಪಿಯರ್ ಗಂಟೆಯಷ್ಟು ಶಕ್ತಿ ಉಳಿದಿದೆ ಎಂದಾಯಿತು. ಎರಡು ಗಂಟೆಯೊಳಗೇ ಇಳಿದರೆ ಅದನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ಪರೀಕ್ಷೆ ಮುಗಿದ ದಿನವೇ ಮತ್ತೆ ಚಾರ್ಜ್ ಮಾಡಬೇಕು.

ಎಷ್ಟು ಉಪಯೋಗ?

ಮೇಲಿನ 20ರಲ್ಲಿ ದಿನಕ್ಕೆ ಅರ್ಧ ಮಾತ್ರ ಬಳಸುವುದು ಕ್ಷೇಮ. 10 ಆಂಪಿಯರ್ ಗಂಟೆಯನ್ನು 12 ವೋಲ್ಟಿನಿಂದ ಗುಣಿಸಿದರೆ 120 ವ್ಯಾಟ್ ಗಂಟೆ ಬರುತ್ತದೆ. 5 ವ್ಯಾಟಿನ ಮೂರು ಎಲ್‌ಇಡಿ ಬಲ್ಬುಗಳು ಐದು ಗಂಟೆ ಉರಿದರೆ 75 ಆಯಿತು. ಉಳಿದುದರಲ್ಲಿ ಒಂದೆರಡು ಮೊಬೈಲು ಚಾರ್ಜ್ ಆಗುತ್ತವೆ. ಅಷ್ಟೇ. ಒಂದು ಅಶ್ವಶಕ್ತಿಯ ಮೋಟಾರಿಗೆ 746 ವ್ಯಾಟ್ ಬೇಕು. ಹಳೆಯ ಬ್ಯಾಟರಿಯಿಂದ ಪಂಪು, ಮಿಕ್ಸಿ ನಡೆಸುವ ಆಲೋಚನೆಯನ್ನೇ ಬಿಡಬೇಕು. ಇನ್ವರ್ಟರಿನಲ್ಲಿಯೂ ಒಂದಷ್ಟು ವಿದ್ಯುತ್ ವ್ಯರ್ಥವಾಗುವುದರಿಂದ 12 ವೋಲ್ಟಿನ ಬಲ್ಬುಗಳನ್ನೇ ಕೊಳ್ಳುವುದು ಲೇಸು.

ಚಾರ್ಜ್ ಮಾಡಲು 40ರಿಂದ 50 ವ್ಯಾಟಿನ ಸೌರ ಫಲಕ ಸಾಕು. ಫಲಕಕ್ಕೂ ಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಧನ ಟರ್ಮಿನಲ್ಲಿನ ಹತ್ತಿರವೇ 10 ಆಂಪಿಯರ್ ಫ್ಯೂಜು ಹಾಕಬೇಕು. 12 ವೋಲ್ಟಿಗೆ ಶಾಕ್ ಹೊಡೆಯುವುದಿಲ್ಲವೆಂದು ಕೆಲವರು ಫ್ಯೂಜನ್ನು ಅಲಕ್ಷಿಸುತ್ತಾರೆ. ಎರಡು ಟರ್ಮಿನಲ್ಲುಗಳಿಗೂ ತಾಗುವಂತೆ ಸ್ಪ್ಯಾನರು ಬಿದ್ದರೆ ಅದು ಕೆಂಪಗೆ ಕಾಯಬಲ್ಲದು ಎಂಬುದನ್ನು ಅವರು ಮರೆಯುತ್ತಾರೆ. ಹಳೆಯ ಬ್ಯಾಟರಿಯ ಜೊತೆಗೆ ಹೊಸದನ್ನು ಸೇರಿಸಿ ಕಟ್ಟಬಾರದು.

ಚಾರ್ಜ್ ಆಗುವಾಗ ಜಲಜನಕ ಅನಿಲ ಬರುತ್ತದೆ. ಆದುದರಿಂದ ಗಾಳಿಯಾಡುವ ಕಡೆ, ಮಕ್ಕಳ ಕೈಗೆಟುಕದಂತೆ ಹಲಗೆಯ ಮೇಲೆ ಇಡಬೇಕು. ಹತ್ತಿರ ಬೀಡಿ ಹಚ್ಚಕೂಡದು. ಆಸಿಡ್ ಕಣ್ಣಿಗೆ ಸಿಡಿದರೆ ಹದಿನೈದು ಇಪ್ಪತ್ತು ನಿಮಿಷ ಬಿಡದೆ ಶುದ್ಧ ನೀರಿನಿಂದ ತೊಳೆದು ವೈದ್ಯರ ಬಳಿಗೆ ಕರೆದೊಯ್ಯಬೇಕು.

ಸತ್ತ ಬ್ಯಾಟರಿ

ಪರೀಕ್ಷೆಯಲ್ಲಿ ಸೋತ ಬ್ಯಾಟರಿಯನ್ನು ಒಡೆದು ಸೀಸ ತೆಗೆಯುವುದು, ಮೀನಿನ ಬಲೆಯ ಗುಂಡಿಗಾಗಿ ಕರಗಿಸುವುದು, ಆಸಿಡ್ಡನ್ನು ಹಿತ್ತಲಿಗೆ ಚೆಲ್ಲುವುದು ಬಹಳ ಅಪಾಯಕರ. ಬಿದ್ದ ಸೀಸ ಕೊಳೆಯುವುದೂ ಇಲ್ಲ, ಆವಿಯಾಗುವುದೂ ಇಲ್ಲ. ಮೇಲ್ಮಣ್ಣಿನಲ್ಲಿಯೇ ವರ್ಷಗಟ್ಟಲೆ ಉಳಿಯುತ್ತದೆ. ಆ ಮಣ್ಣು ಸೊಪ್ಪು, ಗೆಡ್ಡೆಗಳಿಗೆ ಅಂಟಿ ಅಡಿಗೆ ಮನೆಗೆ ಬರುತ್ತದೆ, ಅಂಗಳದಲ್ಲಿ ಆಡುವ ಮಕ್ಕಳ ಬೆರಳಿನಿಂದ ಬಾಯಿಗೆ ಸೇರುತ್ತದೆ. ಮಕ್ಕಳ ಮಿದುಳಿಗೆ ತಗಲುವ ಈ ಹಾನಿ ಮತ್ತೆ ಸರಿಹೋಗುವುದಿಲ್ಲ. ಸೆನೆಗಲ್ ದೇಶದ ಡಕಾರ್ ನಗರದ ಬಳಿಯ ತಿಯಾರೋಯ್ ಸುರ್ ಮೇರ್ ಎಂಬಲ್ಲಿ ಜನರು ಹಳೆಯ ಬ್ಯಾಟರಿಗಳ ಸೀಸ ಬೆರೆತ ಮಣ್ಣನ್ನು ಮನೆಗೆ ತಂದು ಜರಡಿ ಹಿಡಿಯುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚಿಯೊಳಗೆ ಅಲ್ಲಿ 18 ಮಕ್ಕಳು ಸತ್ತರು.

ನಮ್ಮಲ್ಲಿ 2001ರ ನಿಯಮಗಳ ಸ್ಥಾನದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿವೆ. ಹಳೆಯದನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಇತರ ಕಸದೊಡನೆ ಬೆರೆಸದೆ ಒಪ್ಪಿಸುವುದು ಬಳಕೆದಾರರ ಕರ್ತವ್ಯ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದಕ್ಕೆ ಬೆಲೆ ಕಟ್ಟಿ ಮುರಿದುಕೊಳ್ಳುವ ಪದ್ಧತಿ ಅಂಗಡಿಗಳಲ್ಲಿ ಇದ್ದೇ ಇದೆ. ಮನೆಯಲ್ಲಿ ದೀಪಕ್ಕೆ ದುಡಿದ ಬ್ಯಾಟರಿಗೂ ಸೀಸದ ಬೆಲೆ ಸಿಗುತ್ತದೆ. ಒಯ್ಯುವಾಗ ಆಸಿಡ್ ಚೆಲ್ಲದೆ, ಮುಚ್ಚಳಗಳನ್ನು ಬಿಗಿ ಮಾಡಿ, ಟರ್ಮಿನಲ್ಲುಗಳಿಗೆ ಟೇಪು ಸುತ್ತಿ, ನೆಟ್ಟಗೆ ನಿಲ್ಲಿಸಿ ಸಾಗಿಸಬೇಕು.